ಮೊಳಕಾಲ್ಮುರಿನ ಒಂದು ಹಗಲು ನಿದ್ರೆಯ ತನಿಖೆ

2023ರ ಬೇಸಿಗೆಯಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ವಿಮಾನ ಕಂಪನಿಯ ಸುರಕ್ಷತಾ ವಿಭಾಗದಲ್ಲಿ ತನಿಖಾಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ವಿಮಾನ ಹಾರಿಸಿದ್ದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹನಾದ ಮೇಲೆ ನನ್ನನ್ನು ಕಾಕ್‌ಪಿಟ್‌ನಿಂದ ಇಳಿಸಿ ಕುರ್ಚಿಯ ಮೇಲೆ ಕೂರಿಸಿದ್ದರು. ಹಾರಾಟದಲ್ಲಿ ಏನಾದರೂ ಎಡವಟ್ಟಾದರೆ ಅದು ಏಕಾಯಿತು ಎಂದು ಹುಡುಕಿ ವರದಿ ಬರೆಯುವುದು ನನ್ನ ಕೆಲಸ. ಈಗ ನಿವೃತ್ತನಾಗಿದ್ದೇನೆ. ಕಂಪನಿಯ ಹೆಸರು ಬೇಡ, ಊರಿನವರ ಹೆಸರುಗಳನ್ನೂ ಬದಲಿಸಿದ್ದೇನೆ. ಸಿಟ್ಟನ್ನು ಮಾತ್ರ ಬದಲಿಸಲು ಆಗಿಲ್ಲ.

ಆ ಏಪ್ರಿಲ್‌ನ ಒಂದು ಬುಧವಾರ ಬೆಳಗಿನ ಐದು ನಲವತ್ತಕ್ಕೆ ಉತ್ತರದ ಒಂದು ಊರಿನಿಂದ ಬಂದ ನಮ್ಮ ವಿಮಾನ ಬೆಂಗಳೂರಿನಲ್ಲಿ ದಢಾರನೆ ಇಳಿಯಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಹಾರ್ಡ್ ಲ್ಯಾಂಡಿಂಗ್ ಎನ್ನುತ್ತೇವೆ. ಚಕ್ರ ನೆಲ ಮುಟ್ಟುವ ಕೆಲವೇ ಕ್ಷಣಗಳ ಮೊದಲು ಪೈಲಟ್ ವಿಮಾನದ ಮೂಗನ್ನು ಮೆಲ್ಲಗೆ ಮೇಲೆತ್ತಬೇಕು, ಇಳಿತದ ವೇಗ ಆಗ ತಗ್ಗುತ್ತದೆ. ಅಂದು ಅದು ಒಂದೂವರೆ ಸೆಕೆಂಡ್ ತಡವಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ವಿಮಾನವನ್ನು ಒಂದು ದಿನ ನಿಲ್ಲಿಸಿ ಚಕ್ರದ ಕಾಲುಗಳನ್ನೆಲ್ಲ ತಪಾಸಣೆ ಮಾಡಬೇಕಾಯಿತು, ಅಷ್ಟೇ. ಆದರೆ ಆ ಒಂದೂವರೆ ಸೆಕೆಂಡ್ ಮೂರು ಆದರೆ ಏನಾಗುತ್ತದೆ ಎಂದು ಈ ಕೆಲಸ ಮಾಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ವಿಮಾನವನ್ನು ಇಳಿಸಿದವನು ಸಹಪೈಲಟ್ ತಿಪ್ಪೇಸ್ವಾಮಿ. ಇಪ್ಪತ್ತೊಂಬತ್ತು ವರ್ಷ, ಮೊಳಕಾಲ್ಮುರಿನವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ವರ್ಷದ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅವನು ತಪ್ಪನ್ನು ಮುಚ್ಚಿಡಲಿಲ್ಲ. ಅಂದೇ ಮಧ್ಯಾಹ್ನ ಆಯಾಸದ ವರದಿ ಎಂಬ ನಮೂನೆಯನ್ನು ತುಂಬಿ ಕಳಿಸಿದ. "ನನಗೆ ಆಯಾಸವಾಗಿತ್ತು. ಹಗಲು ಮಲಗಿದ್ದೆ, ಆದರೆ ಕಂಪನಿಯ ಕರೆಗಳಿಂದ ಮೂರು ಸಲ ಎಚ್ಚರವಾಯಿತು" ಎಂದು ಬರೆದಿದ್ದ. ಪೈಲಟ್‌ಗಳು ಹೀಗೆ ನಿರ್ಭಯವಾಗಿ ಬರೆಯಬೇಕು, ಬರೆದವರಿಗೆ ಶಿಕ್ಷೆಯಿಲ್ಲ ಎಂದು ನಮ್ಮ ಗೋಡೆಯ ಮೇಲೆಲ್ಲ ಪೋಸ್ಟರ್ ಅಂಟಿಸಿದ್ದರು. ಹುಡುಗ ಪೋಸ್ಟರನ್ನು ನಂಬಿದ್ದ.

ಅವನ ವೇಳಾಪಟ್ಟಿಯನ್ನು ನಾನು ತೆಗೆದು ನೋಡಿದೆ. ಯಾವ ಪೈಲಟ್ ಯಾವಾಗ ಹಾರಬೇಕು ಎಂದು ನಿರ್ಧರಿಸುವ ಈ ಪಟ್ಟಿಗೆ ರೋಸ್ಟರ್ ಎನ್ನುತ್ತಾರೆ. ಗುರುವಾರದಿಂದ ಭಾನುವಾರದವರೆಗೆ ನಾಲ್ಕೂ ದಿನ ಬೆಳಗಿನ ನಾಲ್ಕೂವರೆಗೆ ವಿಮಾನ ನಿಲ್ದಾಣದಲ್ಲಿ ಹಾಜರಿ. ಅಂದರೆ ಎರಡೂವರೆಗೆ ಏಳಬೇಕು. ಭಾನುವಾರ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಆಗಿನ ನಿಯಮದಂತೆ ವಾರಕ್ಕೊಮ್ಮೆ ಎರಡು ರಾತ್ರಿ ಸೇರಿದ ಮೂವತ್ತಾರು ಗಂಟೆಗಳ ವಿಶ್ರಾಂತಿ ಕೊಡಬೇಕಿತ್ತು. ಅದು ಮಂಗಳವಾರ ಬೆಳಗಿನ ಆರಕ್ಕೆ ಮುಗಿಯುತ್ತಿತ್ತು. ಮುಂದಿನ ಹಾಜರಿ ಬುಧವಾರ ಮಧ್ಯಾಹ್ನ ಎರಡಕ್ಕೆ. ಇಷ್ಟು ಬಿಡುವಿದೆ ಎಂದು ಅವನು ಭಾನುವಾರವೇ ಬಸ್ಸು ಹತ್ತಿ ಊರಿಗೆ ಹೋಗಿದ್ದ.

ಮಂಗಳವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ರೋಸ್ಟರ್ ವಿಭಾಗದಿಂದ ಫೋನ್. ಯಾರಿಗೋ ಹುಷಾರಿಲ್ಲ, ನೀನು ಇಂದೇ ರಾತ್ರಿ ಹನ್ನೊಂದಕ್ಕೆ ಹಾಜರಾಗಬೇಕು ಎಂದರು. ಮೊಳಕಾಲ್ಮುರಿನಲ್ಲಿದ್ದೇನೆ ಎಂದ. ಹದಿನಾಲ್ಕು ಗಂಟೆ ಇದೆಯಲ್ಲ, ಬಾ ಎಂದರು. ಕಾಗದದ ಮೇಲೆ ನೋಡಿದರೆ ಎಳ್ಳಷ್ಟೂ ತಪ್ಪಿಲ್ಲ. ಆ ಹದಿನಾಲ್ಕು ಗಂಟೆಗೆ ಅವರು ಇಟ್ಟಿದ್ದ ಹೆಸರು ಸ್ಲೀಪ್ ಆಪರ್ಚುನಿಟಿ, ಅಂದರೆ ಮಲಗಲು ಸಿಕ್ಕ ಅವಕಾಶ. ಬೆಳಿಗ್ಗೆ ಐದಕ್ಕೇ ಎದ್ದು ಕೂತ ಮನುಷ್ಯನಿಗೆ ಒಂಬತ್ತು ಗಂಟೆಗೆ ಫೋನ್ ಮಾಡಿ, ಮಲಗಲು ಅವಕಾಶ ಕೊಟ್ಟಿದ್ದೇವೆ ಎನ್ನುವವರು ಒಂದು ದಿನವಾದರೂ ಹಾಗೆ ಮಲಗಿ ನೋಡಿದ್ದಾರೆಯೇ? ಮೈಯಲ್ಲಿ ನಿದ್ರೆಯ ಗುಂಡಿ ಇರುವುದಿಲ್ಲ, ಒತ್ತಿದ ತಕ್ಷಣ ಬರಲು.

ತಿಪ್ಪೇಸ್ವಾಮಿ ಲೆಕ್ಕ ಹಾಕಿದ್ದು ಸರಿಯಾಗಿತ್ತು. ಹತ್ತೂವರೆಯಿಂದ ಮೂರೂವರೆವರೆಗೆ ಮಲಗುವುದು, ನಾಲ್ಕಕ್ಕೆ ಬಾಡಿಗೆ ಕಾರಿನಲ್ಲಿ ಹೊರಟು ಒಂಬತ್ತೂವರೆಗೆ ವಿಮಾನ ನಿಲ್ದಾಣ ಸೇರುವುದು. ಅವನ ಹೇಳಿಕೆಯ ಪ್ರಕಾರ ಹನ್ನೊಂದು ಇಪ್ಪತ್ತಕ್ಕೆ ಮೊದಲ ಕರೆ ಬಂತು. ಸಿಬ್ಬಂದಿಯನ್ನು ಕರೆತರುವ ವಾಹನ ವಿಭಾಗದವರು ಎಲ್ಲಿಗೆ ಗಾಡಿ ಕಳಿಸಬೇಕು ಎಂದು ಕೇಳಿದರು. ಹನ್ನೆರಡು ಮೂವತ್ತೈದಕ್ಕೆ ಕಂಪನಿಯ ಆ್ಯಪ್ ಬಡಿದುಕೊಂಡಿತು. ವಿಮಾನ ಬದಲಾಗಿದೆ, ಹದಿನೈದು ನಿಮಿಷದೊಳಗೆ ಒಪ್ಪಿಗೆ ಒತ್ತಬೇಕು. ಒಂದು ಐವತ್ತಕ್ಕೆ ಮತ್ತೆ ರೋಸ್ಟರ್ ವಿಭಾಗ. ಹನ್ನೊಂದರ ಬದಲು ಹತ್ತೂವರೆಗೆ ಬರಲಾದೀತೆ? ಆಗದು ಎಂದ. ಹೋಗಲಿ ಬಿಡು ಎಂದು ಇಟ್ಟರು. ಅಲ್ಲಿಗೆ ಅವನ ನಿದ್ರೆಯೂ ಮುಗಿಯಿತು. ಮೂರು ತುಂಡು ಸೇರಿಸಿದರೆ ನೂರ ಹದಿನೈದು ನಿಮಿಷ. ಮಂಗಳವಾರ ಬೆಳಗಿನ ಐದರಿಂದ ಬುಧವಾರ ಬೆಳಗಿನ ಐದು ನಲವತ್ತರವರೆಗೆ ಅವನಿಗೆ ಸಿಕ್ಕಿದ್ದು ಅಷ್ಟೇ. ಕಾರಿನಲ್ಲಿ ಕಣ್ಣು ಮುಚ್ಚಿದರೂ ನಿದ್ರೆ ಬರಲಿಲ್ಲ ಎಂದು ಬರೆದಿದ್ದ.

ಇಷ್ಟಾದ ಮೇಲೆ ತನಿಖೆ ಮಾಡಬೇಕಾಗಿದ್ದುದು ರೋಸ್ಟರ್ ವಿಭಾಗವನ್ನು. ಆದರೆ ನಮ್ಮ ಆಯಾಸ ಪರಿಶೀಲನಾ ಸಮಿತಿಯ ಅಧ್ಯಕ್ಷರು ನನ್ನನ್ನು ಕರೆದು ಬೇರೆಯೇ ಮಾತಾಡಿದರು.

"ಕರೆ ಹೋಗಿರಬಹುದು. ಆದರೆ ಅವನು ಮಲಗಿದ್ದ ಅನ್ನುವುದಕ್ಕೆ ಏನು ಆಧಾರ? ಊರಿಗೆ ಹೋದವನು ತಿರುಗಾಡಿಕೊಂಡು ಇದ್ದಿರಬಹುದು. ನೀವು ಆ ಕಡೆಯವರು. ಮನೆಗೆ ಹೋಗಿ ವಿಚಾರಿಸಿ ಬನ್ನಿ."

ವಿಶ್ರಾಂತಿಯ ಸಮಯದಲ್ಲಿ ಪೈಲಟ್ ಬೇಕೆಂದೇ ಮಲಗದೆ ಹೋದರೆ ಅದನ್ನು ಕಂಪನಿ ಸ್ವಯಂಕೃತ ಆಯಾಸ ಎಂದು ಕರೆಯುತ್ತಿತ್ತು. ಪ್ರೊಬೇಷನ್‌ನಲ್ಲಿ ಇರುವವನ ಮೇಲೆ ಆ ಮುದ್ರೆ ಬಿದ್ದರೆ ಅಂದೇ ಮನೆಗೆ. ಜೊತೆಗೆ ಮಲಗದೆ ಮಲಗಿದ್ದೆ ಎಂದು ಬರೆದದ್ದು ಸಾಬೀತಾದರೆ ಸುಳ್ಳು ಹೇಳಿಕೆ ಕೊಟ್ಟವನೆಂದು ದಾಖಲಾಗುತ್ತದೆ, ಮುಂದೆ ಇನ್ನೊಂದು ಕಂಪನಿ ಅವನನ್ನು ಹತ್ತಿರ ಸೇರಿಸುವುದಿಲ್ಲ. ತನಿಖೆ ಮುಗಿಯುವವರೆಗೆ ತಿಪ್ಪೇಸ್ವಾಮಿಯನ್ನು ಹಾರಾಟದಿಂದ ಇಳಿಸಿ, ಬೆಂಗಳೂರು ಬಿಟ್ಟು ಹೋಗಕೂಡದು, ಮನೆಯವರ ಜೊತೆ ಈ ವಿಷಯ ಮಾತಾಡಕೂಡದು ಎಂದು ಬರೆಸಿಕೊಂಡಿದ್ದರು. ನನ್ನ ಎಂಟು ವರ್ಷದ ತನಿಖಾ ಕೆಲಸದಲ್ಲಿ ಒಬ್ಬ ಪೈಲಟ್ ಮಲಗಿದ್ದನೋ ಇಲ್ಲವೋ ಎಂದು ಅವನ ತಾಯಿಯನ್ನು ಕೇಳಲು ಯಾರನ್ನೂ ಕಳಿಸಿದ್ದಿಲ್ಲ. ಆಗದು ಎಂದು ನಾನು ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ನಮ್ಮ ಕಡೆಯ ಹುಡುಗ, ನಾನೇ ಹೋದರೆ ನ್ಯಾಯವಾಗುತ್ತದೆ ಎಂದುಕೊಂಡೆ. ಮಾರನೆಯ ದಿನ ಮಧ್ಯಾಹ್ನ ಎರಡರೊಳಗೆ ಹೇಳಿಕೆ ಕೈಸೇರಬೇಕು ಎಂದು ಅಧ್ಯಕ್ಷರು ಗಡುವು ಬೇರೆ ಕೊಟ್ಟರು.

ಹಾಗಾಗಿ ಎರಡೂ ಮುಕ್ಕಾಲಿಗೆ ಎದ್ದು ಮೂರೂವರೆಗೆ ನಾನೇ ಕಾರು ಓಡಿಸಿಕೊಂಡು ಹೊರಟೆ. ಹಿರಿಯೂರು, ಚಳ್ಳಕೆರೆ ದಾಟಿ ಮೊಳಕಾಲ್ಮುರು ಸೇರುವಾಗ ಒಂಬತ್ತು ಗಂಟೆ. ತಿಪ್ಪೇಸ್ವಾಮಿಯ ಮನೆ ನೇಕಾರರ ಬೀದಿಯಲ್ಲಿ. ಒಂಬತ್ತು ಮನೆಯ ಕಿರುಬೀದಿ, ಮನೆಗೊಂದು ರೇಷ್ಮೆ ಸೀರೆಯ ಮಗ್ಗ. ಎಲ್ಲ ಮಗ್ಗಗಳೂ ಒಟ್ಟಿಗೆ ಆಡುತ್ತಿದ್ದವು. ಕಾರಿನ ಬಾಗಿಲು ತೆರೆದರೆ ಕಿವಿಗೆ ಬಡಿಯುವಷ್ಟು ಸದ್ದು. ತಾಯಿ ಗೌರಮ್ಮ ತಮ್ಮ ಮಗ್ಗ ನಿಲ್ಲಿಸಿ ಎದ್ದು ಬಂದರು. ಐವತ್ತೈದರ ಆಸುಪಾಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗನ ಆಫೀಸಿನವರು ಎಂದಾಕ್ಷಣ ಚಾಪೆ ಹಾಸಿ, ನೀರು ಕೊಟ್ಟು, ಪಕ್ಕದ ಮನೆಯ ಓಬಳೇಶಪ್ಪನವರನ್ನು ಕರೆಸಿದರು. ಆ ಬೀದಿಯ ಹಿರಿಯ ನೇಕಾರ ಅವರು. ಗಂಡಸರು ಬಂದಾಗ ಮನೆಯಲ್ಲಿ ಒಬ್ಬರು ಗಂಡಸರು ಇರಲಿ ಎಂದು.

ನಾನು ನಮೂನೆ ಬಿಚ್ಚಿ, ಪೆನ್ನು ತೆಗೆದು, ಪೊಲೀಸನ ಹಾಗೆ ಕೇಳಿದೆ. "ಹೋದ ಮಂಗಳವಾರ ನಿಮ್ಮ ಮಗ ಹಗಲಿನಲ್ಲಿ ಮಲಗಿದ್ರಾ?"

ಗೌರಮ್ಮನ ಮುಖ ಬಿಗಿಯಾಯಿತು.

"ಮಲಗೋದಾ? ನನ್ ಮಗ ಹಗ್ಲೊತ್ತು ಮಲಗೋನಲ್ಲ ಸಾರ್. ಬೇಕಾದ್ರೆ ಬೀದೀನೆಲ್ಲ ಕೇಳ್ರಿ. ಅವತ್ತು ನೀರು ತುಂಬಿದ, ಮಗ್ಗದ ಹಗ್ಗ ಬಿಗಿ ಮಾಡಿಕೊಟ್ಟ, ಸೌದೆ ಒಡೆದ. ಒಂದ್ ಗಳಿಗೆ ಕೂತಿಲ್ಲ."

"ಸ್ವಲ್ಪ ಹೊತ್ತೂ ಮಲಗಲಿಲ್ವಾ?"

"ಕಣ್ಣು ಸೈತ ಮುಚ್ಚಿಲ್ಲ ಸಾರ್."

ಓಬಳೇಶಪ್ಪನೂ ತಲೆಯಾಡಿಸಿದರು. "ಭಾಳ ಚುರುಕು ಹುಡುಗ ಸಾರ್. ಮೈಗಳ್ಳತನ ಅನ್ನೋದು ಆ ವಂಶದಾಗೇ ಇಲ್ಲ."

ನಾನು ಅದನ್ನೆಲ್ಲ ಬರೆದುಕೊಂಡೆ. ಗೌರಮ್ಮ ಓದಿ ನೋಡಿ, ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಹೊರಡುವಾಗ ಒಂದು ಪೊಟ್ಟಣ ಕಡಲೆಬೀಜ ಕೊಟ್ಟು, "ನಮ್ ಹುಡುಗನ್ನ ನೋಡ್ಕಳ್ರಿ ಸಾರ್" ಎಂದರು. ನನಗೆ ತಿಪ್ಪೇಸ್ವಾಮಿಯ ಮೇಲೆ ಕೋಪ ಬಂದಿತ್ತು. ಸುಳ್ಳು ಬರೆದಿದ್ದಾನೆ, ನನ್ನ ಮರ್ಯಾದೆಯನ್ನೂ ಕಳೆದ ಎಂದುಕೊಂಡೆ. ಹೆದ್ದಾರಿಗೆ ಬಂದು ಕಾರು ನಿಲ್ಲಿಸಿ, ಹೇಳಿಕೆಯ ಫೋಟೊ ತೆಗೆದು ಅಧ್ಯಕ್ಷರಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಹೆಬ್ಬೆರಳಿನ ಚಿತ್ರ ಬಂತು. ಜೊತೆಗೆ ಒಂದು ಸಾಲು: "ತಾಯಿಯೇ ಹೇಳಿದ ಮೇಲೆ ಮುಗಿಯಿತು."

ಚಳ್ಳಕೆರೆಯಲ್ಲಿ ನನ್ನ ಅಕ್ಕ ಇದ್ದಾಳೆ. ನಮ್ಮ ಮೂಲ ಅಲ್ಲೇ ಹತ್ತಿರದ ನನ್ನಿವಾಳ, ಕುರಿ ಕಾಯುವ ಮನೆತನ. ಅಕ್ಕನನ್ನು ಚಳ್ಳಕೆರೆಗೆ ಕೊಟ್ಟಿತ್ತು. ಹನ್ನೆರಡರ ಹೊತ್ತಿಗೆ ಅವಳ ಮನೆ ತಲುಪಿದೆ. ಕಣ್ಣು ಉರಿಯುತ್ತಿತ್ತು, ದಾರಿಯಲ್ಲಿ ಒಮ್ಮೆ ಎದುರಿನ ಲಾರಿ ಹತ್ತಿರ ಬರುವವರೆಗೂ ಅದು ಲಾರಿ ಎಂದು ಹೊಳೆದಿರಲಿಲ್ಲ. ಅಕ್ಕ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಊಟವಾದ ಮೇಲೆ ತಾನೇ ಒಳಕೋಣೆಯಲ್ಲಿ ಚಾಪೆ ಹಾಕಿ, ದಿಂಬು ಕೊಟ್ಟು, ಕಿಟಕಿಗೆ ಹಳೆಯ ಸೀರೆ ಕಟ್ಟಿ ಕತ್ತಲೆ ಮಾಡಿದಳು. "ಮಲಗು, ಮುಖ ಹೆಂಗೆ ಬಾಡೈತೆ ನೋಡು" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಕಣ್ಣು ಮುಚ್ಚಿದವನಿಗೆ ಎಷ್ಟು ಹೊತ್ತಾಯಿತೋ ತಿಳಿಯದು. ಹೊರಗೆ ಯಾರೋ ಹೆಂಗಸಿನ ದನಿ ಕೇಳಿ ಅರೆ ಎಚ್ಚರವಾಯಿತು.

"ತಮ್ಮ ಬಂದವ್ನಂತಲ್ಲಕ್ಕಾ. ಕಾರು ನೋಡ್ದೆ. ಮಲಗವ್ನಾ?"

"ಅಯ್ಯೋ, ಮಲಗೋದೆಲ್ಲಿ ಬಂತೇ" ಎಂದಳು ಅಕ್ಕ, ಸ್ವಲ್ಪವೂ ತಡವರಿಸದೆ. "ಅವನಿಗೆ ಹಗ್ಲೊತ್ತು ಕಣ್ಣು ಮುಚ್ಚಿ ಗೊತ್ತೇ ಇಲ್ಲ. ಆಫೀಸಿನ ಕಾಗದ ಹರಡ್ಕಂಡು ಕುಂತವ್ನೆ."

ನಾನು ಚಾಪೆಯ ಮೇಲೆ ಎದ್ದು ಕೂತೆ.

ಬಂದವಳು ಹೋದ ಮೇಲೆ ಅಕ್ಕನನ್ನು ಕೇಳಿದೆ. "ಯಾಕಕ್ಕಾ ಹಂಗೆ ಸುಳ್ಳು ಹೇಳ್ದೆ?"

"ಸುಳ್ಳೇನ್ ಬಂತೋ ಅದ್ರಾಗೆ? ಮಟಮಟ ಮಧ್ಯಾಹ್ನ ಗಂಡಸು ಬಿದ್ಕಂಡವ್ನೆ ಅಂತ ಬೀದಿಗೆಲ್ಲ ಸಾರ್ಲಾ? ನೀನು ಏನಾದ್ರೂ ಮೈಗಳ್ಳನಾ?"

ತಲೆ ಚಚ್ಚಿಕೊಳ್ಳುವಂತಾಯಿತು. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಮ್ಮಪ್ಪ ರಾತ್ರಿಯಿಡೀ ಕುರಿಹಟ್ಟಿ ಕಾದು ಬಂದು ಹಗಲು ಮಲಗುತ್ತಿದ್ದ. ಬೀದಿಯವರಿಗೆಲ್ಲ ಅದು ಗೊತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೆ ಹೊರಗಿನವರು, ಅದರಲ್ಲೂ ಪ್ಯಾಂಟು ಶರ್ಟಿನವರು ಬಂದು ಕೇಳಿದರೆ ಅವ್ವ ಒಂದೇ ಮಾತು ಹೇಳುತ್ತಿದ್ದಳು: ಹೊಲಕ್ಕೆ ಹೋಗವ್ರೆ. ಅಧಿಕಾರಿಯ ಮುಂದೆ ಮನೆಯ ಗಂಡಸು ಹಗಲು ಮಲಗಿದ್ದಾನೆ ಎನ್ನುವುದು ನಮ್ಮ ಕಡೆ ಅವನನ್ನು ಸೋಮಾರಿ ಎಂದು ಒಪ್ಪಿಕೊಟ್ಟ ಹಾಗೆ. ಆಫೀಸಿನವನು ಕಾರಿನಲ್ಲಿ ಬಂದು, ಕಾಗದ ತೆಗೆದು, ನಿನ್ನ ಮಗ ಮಲಗಿದ್ದನಾ ಎಂದು ಕೇಳಿದರೆ ಗೌರಮ್ಮ ಇನ್ನೇನು ಹೇಳಿಯಾರು? ಮಗನ ಮೇಲೆ ಯಾರೋ ಸೋಮಾರಿ ಎಂದು ದೂರು ಕೊಟ್ಟಿದ್ದಾರೆ ಎಂದುಕೊಂಡಿದ್ದರು. ಕೆಲಸ ಉಳಿಸುತ್ತಿದ್ದೇನೆ ಎಂಬ ನಂಬಿಕೆಯಲ್ಲಿ ಮಗನ ಕೆಲಸ ಕಳೆಯುವ ಕಾಗದಕ್ಕೆ ಸಹಿ ಹಾಕಿದ್ದರು. ಆ ನೆಲದಲ್ಲೇ ಹುಟ್ಟಿದ ನಾನು ಅದನ್ನು ಹೊತ್ತು ತಂದಿದ್ದೆ.

ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ಆ ಹೇಳಿಕೆಯನ್ನು ತಡೆಹಿಡಿಯಿರಿ, ಮತ್ತೆ ವಿಚಾರಿಸಬೇಕು ಎಂದೆ.

"ಸಹಿ ಆಗಿದೆ. ಇನ್ನೇನು ವಿಚಾರಣೆ? ವಾಪಸ್ ಬನ್ನಿ."

"ಹೇಳಿಕೆ ತಪ್ಪು ಸಾರ್. ತೆಗೆದುಕೊಂಡವನು ನಾನೇ ಹೇಳುತ್ತಿದ್ದೇನೆ."

"ನಿಮ್ಮ ಊರಿನ ಹುಡುಗ ಅಂತ ಮನಸ್ಸು ಕರಗಿದೆ. ನಾಡಿದ್ದು ಸಮಿತಿ ಕೂರುತ್ತದೆ" ಎಂದು ಇಟ್ಟುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಇದೇ ಊರಿನ ಹುಡುಗ ಎನ್ನುವುದಕ್ಕೇ ನನ್ನನ್ನು ಕಳಿಸಿದ್ದರು. ಅವರಿಗೆ ಬೇಕಾದ ಉತ್ತರ ಸಿಕ್ಕ ಮೇಲೆ ಅದೇ ನನ್ನ ದೋಷವಾಯಿತು. ಅಕ್ಕ ಕೊಟ್ಟ ಟೀ ಕುಡಿದು ಮತ್ತೆ ಮೊಳಕಾಲ್ಮುರಿಗೆ ಕಾರು ತಿರುಗಿಸಿದೆ.

ಈ ಸಲ ಮೊದಲು ಹೋದದ್ದು ಓಬಳೇಶಪ್ಪನವರ ಮನೆಗೆ. ನೇರವಾಗಿ ಕೇಳಿದರೆ ಅದೇ ಉತ್ತರ ಬರುತ್ತದೆ ಎಂದು ಗೊತ್ತಿತ್ತು. ನಮೂನೆಯನ್ನು ಕಾರಿನಲ್ಲೇ ಬಿಟ್ಟೆ. ಅವರ ಮಗ್ಗದ ಪಕ್ಕ ನೆಲಕ್ಕೆ ಕೂತು, ನನ್ನಿವಾಳದವನು ಎಂದು ಹೇಳಿಕೊಂಡು, ಸೀರೆಯ ಸೆರಗನ್ನು ನೋಡಿದೆ.

"ದಿನಕ್ಕೆ ಎಷ್ಟು ನೇಯ್ತೀರಿ ಯಜಮಾನ್ರೇ?"

"ಕೈ ಓಡಿದಂಗೆ. ಅರ್ಧ ಮೊಳ, ಮುಕ್ಕಾಲು ಮೊಳ."

"ಹೋದ ಮಂಗಳವಾರ ಎಷ್ಟಾಯ್ತು?"

"ಮಂಗಳವಾರ ಎಲ್ಲಿ ಬಂತು ಬಿಡ್ರಿ, ಹತ್ತೂವರೆಗೇ ಮಗ್ಗ ನಿಲ್ಸಿದ್ವಿ. ಮೂರೂವರೆಗಂಟ ಇಡೀ ಬೀದಿನಾಗೆ ಒಂದು ಲಾಳಿ ಆಡ್ಲಿಲ್ಲ."

"ಯಾಕೆ?"

ಓಬಳೇಶಪ್ಪ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ನನ್ನ ಕಾರು ನೋಡಿ ಗೌರಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಆಗ ನಾನು ಎಲ್ಲವನ್ನೂ ಬಿಚ್ಚಿ ಹೇಳಿದೆ. ಮಲಗಿದ್ದರೆ ಅದು ತಪ್ಪಲ್ಲ, ಪೈಲಟ್‌ಗೆ ಮಲಗುವುದೂ ಕೆಲಸವೇ. ಮಲಗಿರಲಿಲ್ಲ ಎಂದು ನೀವು ಬರೆದುಕೊಟ್ಟಿದ್ದರಿಂದ ನಿಮ್ಮ ಮಗ ಸುಳ್ಳುಗಾರನಾಗಿದ್ದಾನೆ, ಕೆಲಸ ಹೋಗುವುದರಲ್ಲಿದೆ.

ಗೌರಮ್ಮ ಹೊಸ್ತಿಲು ದಾಟಿ ನನ್ನ ಎದುರಿಗೆ ಬಂದು ಕೂತರು. "ನನ್ ಬಾಯಿಂದ ನನ್ ಮಗನ ಅನ್ನ ಹೋಯ್ತಾ ಸಾರ್?"

ಓಬಳೇಶಪ್ಪ ತಮ್ಮ ಮನೆಮಾತಾದ ತೆಲುಗಿನಲ್ಲಿ "ಚೆಪ್ಪಮ್ಮಾ, ನಿಜಂ ಚೆಪ್ಪು" ಎಂದರು. ನಿಜ ಹೇಳಮ್ಮ ಎಂದು. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ರಾತ್ರಿ ವಿಮಾನ ಬಿಡಬೇಕು, ಐದು ಗಂಟೆ ಮಲಗಬೇಕು ಎಂದು ಮಗ ಹೇಳಿದ. ಬೀದಿಯ ತುಂಬ ಮಗ್ಗದ ಸದ್ದು. ಗೌರಮ್ಮ ಉಳಿದ ಎಂಟು ಮನೆಗೂ ಹೋಗಿ ಹೇಳಿದರು. ಎರಡನೆಯ ಮಾತಿಲ್ಲದೆ ಎಲ್ಲರೂ ಮಗ್ಗ ನಿಲ್ಲಿಸಿದರು. ದಿನದ ನೇಯ್ಗೆ ಬಿಟ್ಟು ಐದು ಗಂಟೆ ಜಗಲಿಯ ಮೇಲೆ ಸುಮ್ಮನೆ ಕೂತರು. ಮಾತನ್ನೂ ಮೆಲ್ಲಗೆ ಆಡಿದರು. ತರಕಾರಿ ಮಾರುವವನು ಕೂಗುತ್ತ ಬಂದರೆ ಓಬಳೇಶಪ್ಪ ಬೀದಿಯ ತುದಿಯಲ್ಲೇ ತಡೆದು ಕಳಿಸಿದರು.

"ಅಷ್ಟು ಮಾಡಿದ್ರೂ ಏನ್ ಬಂತು ಸಾರ್" ಎಂದರು ಗೌರಮ್ಮ. "ಕಣ್ಣು ಹತ್ತಿತ್ತು ಅನ್ನೋದ್ರಾಗೆ ಆ ಫೋನು. ಮೂರು ಸಲ ಬಡ್ಕಂತು. ಆರಿಸಿಬಿಡೋ ಮಗ ಅಂದೆ. ಆರಿಸಂಗಿಲ್ಲ ಅವ್ವ, ಕೆಲಸ ಹೋಗ್ತತೆ ಅಂದ. ಮೂರನೇ ಸಲ ಎದ್ದೋನು ಗೋಡೆ ನೋಡ್ಕಂಡು ಕುಂತ. ನಾನು ಕಣ್ಣಾರೆ ನೋಡೀನಿ."

ಒಬ್ಬ ಪೈಲಟ್ ಮಲಗಲಿ ಎಂದು ಯಾವ ಸಂಬಂಧವೂ ಇಲ್ಲದ ಎಂಟು ಮನೆಯ ಜನ ಕೈಕೆಲಸ ಬಿಟ್ಟು ಕೂತಿದ್ದರು. ಅದೇ ಪೈಲಟ್‌ನ ನಿದ್ರೆ ಕಾಯಬೇಕಾದ ಕಂಪನಿ, ಗಾಡಿ ಎಲ್ಲಿಗೆ ಕಳಿಸಲಿ ಎಂದು ಕೇಳಲು ಅವನನ್ನು ಎಬ್ಬಿಸಿತ್ತು. ಗಾಡಿಯ ಅಗತ್ಯವೇ ಇರಲಿಲ್ಲ. ಅವನು ಮೊಳಕಾಲ್ಮುರಿನಿಂದ ಬರುತ್ತಾನೆಂದು ರೋಸ್ಟರ್ ವಿಭಾಗಕ್ಕೆ ಬೆಳಿಗ್ಗೆಯೇ ಗೊತ್ತಿತ್ತು. ಆ ಒಂದು ಸಾಲನ್ನು ಪಕ್ಕದ ಮೇಜಿಗೆ ದಾಟಿಸುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಹೊಸ ಹೇಳಿಕೆಯನ್ನು ನಾನು ಬರೆಯಲಿಲ್ಲ. ನೀವೇ ಬರೆಯಿರಿ ಎಂದು ಗೌರಮ್ಮನಿಗೆ ಕಾಗದ ಕೊಟ್ಟೆ. ಬಹಳ ಹೊತ್ತು ತೆಗೆದುಕೊಂಡು ನಾಲ್ಕು ಸಾಲು ಬರೆದರು. ಮೊದಲು ಸುಳ್ಳು ಹೇಳಿದ್ದು ಮಗನ ಮರ್ಯಾದೆಗೆ ಎಂದು ಬರೆದು, ಕೊನೆಯ ಸಾಲಿನಲ್ಲಿ "ನನ್ನ ಮಗ ಮಲಗಿದ್ದ, ನಿಮ್ಮವರು ಮಲಗಲು ಬಿಡಲಿಲ್ಲ" ಎಂದು ಸೇರಿಸಿದರು. ಕೆಳಗೆ ಒಂಬತ್ತು ಮನೆಯವರ ಸಹಿ ಬಿತ್ತು. ಇಬ್ಬರದು ಹೆಬ್ಬೆಟ್ಟು.

ಸಮಿತಿಯಲ್ಲಿ ನಾವು ಐವರು ಕೂತಿದ್ದೆವು. ನಾನು ಎರಡೂ ಹೇಳಿಕೆಗಳನ್ನು ಮೇಜಿನ ಮೇಲಿಟ್ಟೆ. ಅಧ್ಯಕ್ಷರು ನಾನು ನಿರೀಕ್ಷಿಸಿದ್ದನ್ನೇ ಕೇಳಿದರು. ಮೊದಲು ಸುಳ್ಳು ಹೇಳಿದವರ ಎರಡನೆಯ ಮಾತನ್ನು ಏಕೆ ನಂಬಬೇಕು? ಹಳ್ಳಿಯವರಿಗೆ ಹೇಳಿಕೊಟ್ಟರೆ ಏನು ಬೇಕಾದರೂ ಬರೆಯುತ್ತಾರೆ. ರೋಸ್ಟರ್ ವಿಭಾಗದ ಮುಖ್ಯಸ್ಥರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

"ಫೋನ್ ಸೈಲೆಂಟ್ ಮಾಡಿಕೊಳ್ಳಬಹುದಿತ್ತಲ್ಲ?"

ಅವರದೇ ಸುತ್ತೋಲೆಯನ್ನು ಜೇಬಿನಿಂದ ತೆಗೆದು ಓದಿದೆ. ಹದಿನೈದು ನಿಮಿಷದಲ್ಲಿ ಉತ್ತರಿಸದ ಪೈಲಟ್ ಸಂಪರ್ಕಕ್ಕೆ ಸಿಗಲಿಲ್ಲ ಎಂದು ದಾಖಲಾಗುತ್ತದೆ, ಅಂಥ ಮೂರು ದಾಖಲೆ ಬಿದ್ದರೆ ಪ್ರೊಬೇಷನ್ ವಿಸ್ತರಿಸಲಾಗುತ್ತದೆ. ಕೆಳಗೆ ಅವರದೇ ಸಹಿ. ಅವರು ಕನ್ನಡಕ ಒರೆಸಿಕೊಂಡರು.

ಆಮೇಲೆ ನಾನು ಮೂರನೆಯ ಕಾಗದವನ್ನು ಇಟ್ಟೆ. ಅದು ಆಯಾಸದ ವರದಿಯೇ, ಆದರೆ ನನ್ನದು. ಎರಡೂ ಮುಕ್ಕಾಲಿಗೆ ಎದ್ದು, ಐದೂವರೆ ಗಂಟೆ ಕಾರು ಓಡಿಸಿ, ನಿಮ್ಮ ಮಧ್ಯಾಹ್ನ ಎರಡರ ಗಡುವಿನ ಭಯದಲ್ಲಿ ನಾನು ತಪ್ಪು ಪ್ರಶ್ನೆಯನ್ನು ತಪ್ಪು ರೀತಿಯಲ್ಲಿ ಕೇಳಿದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಮೊದಲ ಹೇಳಿಕೆ ತಾಯಿಯ ಸುಳ್ಳಲ್ಲ, ತನಿಖಾಧಿಕಾರಿಯ ಲೋಪ ಎಂದು ಬರೆದು ಸಹಿ ಮಾಡಿದ್ದೆ. "ಇದನ್ನೂ ಸ್ವಯಂಕೃತ ಎನ್ನುತ್ತೀರಾ ಸಾರ್? ನನ್ನನ್ನು ಆ ಹೊತ್ತಿಗೆ ಕಳಿಸಿದವರು ನೀವು" ಎಂದೆ. ದನಿ ಏರಿತ್ತು. ಇಪ್ಪತ್ತೆರಡು ವರ್ಷ ಕಾಕ್‌ಪಿಟ್‌ನಲ್ಲಿ ಒಮ್ಮೆಯೂ ಏರದ ದನಿ.

ನನ್ನ ವರದಿಯನ್ನು ದಾಖಲೆಗೆ ಸೇರಿಸಿದರೆ ಅದು ಹೊರಗಿನ ಸುರಕ್ಷತಾ ಪರಿಶೋಧಕರ ಕಣ್ಣಿಗೆ ಬೀಳುತ್ತಿತ್ತು. ಬಹುಶಃ ಅದಕ್ಕೇ ಅವರು ಮೆತ್ತಗಾದರು, ನ್ಯಾಯಕ್ಕಲ್ಲ. ಸುಳ್ಳು ಹೇಳಿಕೆಯ ಆರೋಪ ಬಿದ್ದುಹೋಯಿತು. ಸ್ವಯಂಕೃತ ಎಂಬ ಮಾತನ್ನೂ ಕೈಬಿಟ್ಟರು. ತಿಪ್ಪೇಸ್ವಾಮಿಗೆ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ಕೃತಕ ಕಾಕ್‌ಪಿಟ್‌ನಲ್ಲಿ, ಎರಡು ದಿನ ಮರುತರಬೇತಿ ಕೊಟ್ಟು ಕೆಲಸಕ್ಕೆ ಹಿಂದಿರುಗಿಸಿದರು. ರೋಸ್ಟರ್ ವಿಭಾಗದ ಬಗ್ಗೆ ಒಂದಕ್ಷರವಿಲ್ಲ. ವರದಿಯ ಕೊನೆಗೆ ಒಂದು ಸಲಹೆ ಇತ್ತು: ಪೈಲಟ್‌ಗಳು ವಿಶ್ರಾಂತಿಗೆ ಸದ್ದುಗದ್ದಲವಿಲ್ಲದ ಜಾಗವನ್ನು ಆರಿಸಿಕೊಳ್ಳತಕ್ಕದ್ದು. ಒಂಬತ್ತು ಮಗ್ಗ ನಿಲ್ಲಿಸಿದ ಬೀದಿಗೆ ಇವರ ಉಪದೇಶ! ವಿಶ್ರಾಂತಿಯ ವೇಳೆ ಕರೆ ಮಾಡಕೂಡದು ಎಂಬ ಒಂದು ಸಾಲು ಸೇರಿಸಿದರೆ ಮಾತ್ರ ಸಹಿ ಎಂದೆ. ಸೇರಿಸಲಿಲ್ಲ. ನಾನು ಸಹಿ ಹಾಕಲಿಲ್ಲ. ಉಳಿದ ನಾಲ್ಕು ಸಹಿಗೆ ವರದಿ ಅಂಗೀಕಾರವಾಯಿತು. ಮುಂದಿನ ವರ್ಷ ನಾನು ನಿವೃತ್ತಿ ಪಡೆದೆ, ಅವಧಿಗೆ ಎರಡು ವರ್ಷ ಮೊದಲೇ.

ಈ ಪ್ರಕರಣ ನನಗೆ ಎರಡು ವಿಷಯ ಕಲಿಸಿತು. ಪ್ರಶ್ನೆ ಕೇಳುವ ಮೊದಲು ಅದು ಎದುರಿನವರ ಯಾವ ಮರ್ಯಾದೆಯನ್ನು ತಾಗುತ್ತದೆ ಎಂದು ತಿಳಿದಿರಬೇಕು, ಇಲ್ಲದಿದ್ದರೆ ಸಹಿಯಾದ ಹೇಳಿಕೆಗೂ ಖಾಲಿ ಕಾಗದಕ್ಕೂ ವ್ಯತ್ಯಾಸವಿಲ್ಲ. ಇನ್ನೊಂದು ಹೇಳಲು ಕಹಿ. ಹಗಲು ಮಲಗುವವನು ಸೋಮಾರಿ ಎಂದು ಗೌರಮ್ಮ ನಂಬಿದ್ದರು, ನಮ್ಮ ಅಧಿಕಾರಿಗಳೂ ಒಳಗೊಳಗೆ ಅದನ್ನೇ ನಂಬಿದ್ದರು. ಗೌರಮ್ಮ ತಮ್ಮ ನಂಬಿಕೆಯನ್ನು ಒಂದು ಸಂಜೆಯಲ್ಲಿ ತಿದ್ದಿಕೊಂಡರು. ಅವರ ಮುಂದೆ ನಿಯಮಾವಳಿ ಇರಲಿಲ್ಲ, ತರಬೇತಿ ಇರಲಿಲ್ಲ, ಮಗನ ಮುಖ ಇತ್ತು.

ಏಳೆಂಟು ತಿಂಗಳ ನಂತರ ತಿಪ್ಪೇಸ್ವಾಮಿ ನನಗೆ ಫೋನ್ ಮಾಡಿದ. ಮತ್ತೆ ಊರಿಗೆ ಹೋಗಿದ್ದನಂತೆ, ಮತ್ತೆ ರಾತ್ರಿ ಹಾರಾಟ. ಮಲಗುವ ಮುಂಚೆ ಗೌರಮ್ಮ ಅವನ ಕೈಯಿಂದ ಫೋನ್ ಕಿತ್ತುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡು ಬಾಗಿಲ ಹೊರಗೆ ಕೂತರಂತೆ. ಒಂದು ಗಂಟೆಗೆ ಕಂಪನಿಯ ಕರೆ ಬಂತು. ಅವರೇ ಎತ್ತಿದರು.

"ನನ್ ಮಗ ಮಲಗವ್ನೆ" ಎಂದರಂತೆ, ಬೀದಿಗೆಲ್ಲ ಕೇಳುವಂತೆ. "ಎಬ್ಬಿಸಂಗಿಲ್ಲ. ಮೂರೂವರೆ ಮೇಲೆ ಮಾಡ್ರಿ."

ಎದ್ದ ಮೇಲೆ ತಿಪ್ಪೇಸ್ವಾಮಿ ಆ್ಯಪ್ ತೆರೆದು ನೋಡಿದ. ಅವನ ಹೆಸರಿನ ಮುಂದೆ ಕಂಪನಿ ಬರೆದಿತ್ತು: ಸಂಪರ್ಕಕ್ಕೆ ಸಿಗಲಿಲ್ಲ.